ಮೆಟ್ಟಿಲ ಮೇಲಿನ ಉಪ್ಪು: ಚಳಿನಾಡಿನ ಹಳೆ ಮನೆ ಮತ್ತು ಕಾಂಕ್ರೀಟ್

ಇವತ್ತಿನ ಸಂಚಿಕೆಯ ವಿಷಯ ಕಾಂಕ್ರೀಟ್. ಹೌದು, ಸಿಮೆಂಟು, ಮರಳು, ಜಲ್ಲಿ, ನೀರು ಕಲಸಿ ಹಾಕುವ ಅದೇ ಕಾಂಕ್ರೀಟ್. ಜೀವವಿಜ್ಞಾನದವಳಿಗೆ ಇಲ್ಲೇನು ಕೆಲಸ ಅಂತ ನೀವು ಕೇಳಬಹುದು. ಕಾರಣ, ನಮ್ಮ ಮನೆಯ ಮುಂದಿನ ಮೂರು ಮೆಟ್ಟಿಲು.

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಮನೆ ಕಟ್ಟಿದ್ದು 1924ರಲ್ಲಿ. ಕೊಂಡಾಗಲೇ ಮೆಟ್ಟಿಲುಗಳು ಬಿರುಕು ಬಿಟ್ಟು ಮನೆಯ ಕಡೆಗೆ ವಾಲಿದ್ದವು. ಅವನ್ನು ಒಡೆಸಿ, ಅಕ್ಟೋಬರ್ ಕೊನೆಯ ವಾರದಲ್ಲಿ ಹೊಸದಾಗಿ ಹಾಕಿಸಿದೆವು. ಅವಸರಕ್ಕೂ ಒಂದು ಕಾರಣ ಇತ್ತು: ನನ್ನ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಶಿವಮೊಗ್ಗದಿಂದ ಡಿಸೆಂಬರಿನಲ್ಲಿ ಬರುವವರಿದ್ದರು. ಅವರು ಬಂದ ಮೇಲೆ, ಅಮ್ಮ ಎಲ್ಲಿ ಜಾರುತ್ತಾರೋ ಅಂತ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಧಾರಾಳವಾಗಿ ಉಪ್ಪು ಎರಚಿದೆವು. ಚಳಿಗಾಲ ಪೂರ್ತಿ ಯಾರೂ ಜಾರಲಿಲ್ಲ. ಏಪ್ರಿಲ್‌ನಲ್ಲಿ ಸ್ನೋ ಕರಗಿದಾಗ ನೋಡಿದರೆ, ಹೊಸ ಮೆಟ್ಟಿಲ ಮೇಲ್ಪದರ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅದರಿಂದ ಉದುರಿದ ಪುಡಿಗಲ್ಲಿನ ಮೇಲೆ ಕಾಲಿಟ್ಟು ಅಮ್ಮ ಬಿದ್ದರು. ಮಣಿಕಟ್ಟು ಮುರಿಯಿತು. ಕೈಯಲ್ಲಿ ಮಗು ಇರಲಿಲ್ಲ, ಅದೊಂದೇ ಸಮಾಧಾನ.

ಅಪ್ಪ ಆ ಮೆಟ್ಟಿಲನ್ನು ಒಂದು ಸಲ ನೋಡಿ, "ಕ್ಯೂರಿಂಗ್ ಸರಿಯಾಗಿ ಮಾಡಿಲ್ಲ" ಅಂದರು. ಊರಲ್ಲಿ ಮನೆ ಕಟ್ಟಿಸುವಾಗ ಬೆಳಿಗ್ಗೆ ಸಂಜೆ ಪೈಪು ಹಿಡಿದು, ಗೋಣಿಚೀಲ ಹೊದಿಸಿ ನೀರುಣಿಸಿದವರು ಅವರು. ಅವರ ಮಾತು ಅರ್ಧ ನಿಜವಾಗಿತ್ತು. ಉಳಿದ ಅರ್ಧ ಏನು ಅನ್ನೋದೇ ಇವತ್ತಿನ ಕಥೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಕಾಂಕ್ರೀಟನ್ನು ಒಡೆಯುವುದು ಚಳಿ ಅಂತ ನಾವು ಅಂದುಕೊಳ್ಳುತ್ತೇವೆ. ಪೂರ್ತಿ ಒಣಗಿದ ಕಾಂಕ್ರೀಟ್ ಚಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕೆಲಸ ಕೆಡಿಸುವುದು ಅದರೊಳಗಿನ ನೀರು. ಗಟ್ಟಿಯಾದ ಕಾಂಕ್ರೀಟ್ ಕಲ್ಲಿನ ಹಾಗೆ ಕಂಡರೂ ಅದರ ತುಂಬಾ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಸಿಮೆಂಟಿನ ಜೊತೆ ಸೇರದೆ ಉಳಿದ ನೀರು ಬಿಟ್ಟುಹೋದ ದಾರಿಗಳು ಅವು. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ. ರಂಧ್ರ ಅರ್ಧ ತುಂಬಿದ್ದರೆ ಹಿಗ್ಗಲು ಜಾಗ ಇದೆ, ಚಿಂತೆ ಇಲ್ಲ. ಶೇಕಡಾ 91, 92ರಷ್ಟು ತುಂಬಿದ್ದರೆ? ಲೆಕ್ಕ ಹಾಕಿ ನೋಡಿ, ಹಿಗ್ಗಿದ ನೀರಿಗೆ ಜಾಗವೇ ಉಳಿಯುವುದಿಲ್ಲ. ಆಗ ಒತ್ತಡ ಗೋಡೆಯ ಮೇಲೆ ಬೀಳುತ್ತದೆ. ಕಾಂಕ್ರೀಟ್ ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸೂಕ್ಷ್ಮ ಬಿರುಕು ಬೀಳುತ್ತದೆ. ಕರಗಿದಾಗ ಆ ಬಿರುಕಿಗೆ ಇನ್ನಷ್ಟು ನೀರು ಇಳಿಯುತ್ತದೆ. ರಾತ್ರಿ ಮತ್ತೆ ಹೆಪ್ಪು.

ಹಾಗಾಗಿ ಜನವರಿಯ ಮೈನಸ್ 20 ಡಿಗ್ರಿಗಿಂತ ಮಾರ್ಚ್ ತಿಂಗಳು ಅಪಾಯಕಾರಿ. ಜನವರಿಯಲ್ಲಿ ಎಲ್ಲ ಒಂದೇ ಸಮ ಹೆಪ್ಪುಗಟ್ಟಿ ಕೂತಿರುತ್ತದೆ. ಮಾರ್ಚ್‌ನಲ್ಲಿ ಹಗಲು ಕರಗುತ್ತದೆ, ರಾತ್ರಿ ಹೆಪ್ಪಾಗುತ್ತದೆ. ಒಂದೊಂದು ದಿನವೂ ಒಂದೊಂದು ಪೆಟ್ಟು.

ಈಗ ಉಪ್ಪಿಗೆ ಬರೋಣ. ಉಪ್ಪು ಮಂಜುಗಡ್ಡೆಯನ್ನು ಕರಗಿಸುತ್ತದೆ. ಹಾಗಾದರೆ ಹೆಪ್ಪುಗಟ್ಟುವುದು ಕಡಿಮೆಯಾಗಿ ಕಾಂಕ್ರೀಟಿಗೆ ಒಳ್ಳೆಯದೇ ಆಗಬೇಕಲ್ವಾ? ಆಗುವುದು ಉಲ್ಟಾ. ಇಡೀ ತಿಂಗಳು ಗಡ್ಡೆಯಾಗಿಯೇ ಇರಬೇಕಾಗಿದ್ದ ನೀರನ್ನು ಉಪ್ಪು ಮತ್ತೆ ಮತ್ತೆ ಕರಗಿಸಿ ರಂಧ್ರಕ್ಕೆ ಇಳಿಸುತ್ತದೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ರಂಧ್ರಗಳು ಒಣಗುವುದೂ ಇಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೆನಪಿಸಿಕೊಳ್ಳಿ. ಇನ್ನೊಂದು ವಿಚಿತ್ರ: ಪ್ರಯೋಗಗಳಲ್ಲಿ ಮೇಲ್ಪದರವನ್ನು ಹೆಚ್ಚು ಕೀಳುವುದು ಗಾಢ ಉಪ್ಪುನೀರಲ್ಲ, ಸುಮಾರು 3% ಉಪ್ಪಿರುವ ತೆಳು ನೀರು. ಎರಚಿದ ಉಪ್ಪು ಕರಗಿದ ಸ್ನೋ ಜೊತೆ ಸೇರಿ ತೆಳುವಾಗುತ್ತಾ ಹೋದಾಗ ಮೆಟ್ಟಿಲ ಮೇಲೆ ತಯಾರಾಗುವುದು ಅಂಥ ನೀರೇ.

ಹಾಗಿದ್ದರೆ ಇಲ್ಲಿನ ರಸ್ತೆ, ಸೇತುವೆಗಳೆಲ್ಲ ಹೇಗೆ ಉಳಿದಿವೆ? ಇದರ ಹಿಂದೆ ಒಂದು ಆಕಸ್ಮಿಕ ಇದೆ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ರಸ್ತೆಗಳು ಮಾತ್ರ ಚಳಿಗಾಲಕ್ಕೆ ಜಗ್ಗದೆ ನಿಂತಿದ್ದನ್ನು ಎಂಜಿನಿಯರುಗಳು ಗಮನಿಸಿದರು. ವಿಚಾರಿಸಿದಾಗ, ಆ ಸಿಮೆಂಟನ್ನು ಅರೆಯುವಾಗ ಗಿರಣಿಯಲ್ಲಿ ಸುಲಭವಾಗಲಿ ಅಂತ ಪ್ರಾಣಿಗಳ ಕೊಬ್ಬು ಬೆರೆಸಿದ್ದು ಗೊತ್ತಾಯಿತು. ಕೊಬ್ಬು ಮತ್ತು ಕ್ಷಾರ ಸೇರಿದರೆ ಏನಾಗುತ್ತದೆ? ಸೋಪು. ಸೋಪು ಇದ್ದಲ್ಲಿ ನೊರೆ. ಅಂಟುವಾಳ ಕಾಯಿ ನೆನೆಸಿ ಕಲಕಿದ ಹಾಗೆ, ಕಾಂಕ್ರೀಟ್ ಕಲಸುವಾಗ ಒಳಗೆಲ್ಲ ಕೋಟಿಗಟ್ಟಲೆ ಪುಟ್ಟ ಗಾಳಿಗುಳ್ಳೆಗಳು ಹುಟ್ಟಿದ್ದವು.

ಆ ಗುಳ್ಳೆಗಳು ಏನು ಮಾಡುತ್ತವೆ ಅನ್ನುವುದಕ್ಕೆ 1945ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಶನ್ನಿನ ಟ್ರೆವಲ್ ಪವರ್ಸ್ ಒಂದು ಸಿದ್ಧಾಂತ ಕೊಟ್ಟರು. ಹೆಪ್ಪಾಗುವ ನೀರಿಗೆ ಓಡಿಹೋಗಲು ಹತ್ತಿರದಲ್ಲೇ ಖಾಲಿ ಜಾಗ ಬೇಕು. ಹತ್ತಿರ ಅಂದರೆ ಎಷ್ಟು? ಸುಮಾರು 0.2 ಮಿಲಿಮೀಟರ್ ಒಳಗೆ. ಅಷ್ಟರಲ್ಲಿ ಒಂದು ಗುಳ್ಳೆ ಸಿಕ್ಕರೆ ಒತ್ತಡ ಏರುವುದಿಲ್ಲ. ಅಂದಿನಿಂದ ಚಳಿನಾಡುಗಳಲ್ಲಿ ಹೊರಗೆ ಹಾಕುವ ಕಾಂಕ್ರೀಟಿಗೆ ಬೇಕಂತಲೇ 5ರಿಂದ 8% ಗಾಳಿ ಸೇರಿಸುತ್ತಾರೆ. ನಮ್ಮ ಮನೆಯ 1924ರ ಹಳೆ ಮೆಟ್ಟಿಲಿಗೆ ಈ ಭಾಗ್ಯ ಇರಲಿಲ್ಲ. ಆ ಕಾಲದ ಯಾವ ಮನೆಗೂ ಇರಲಿಲ್ಲ.

ಇಲ್ಲಿಗೆ ಬಂದಾಗ ನನಗೆ ನೆನಪಾಗಿದ್ದು ಒಂದು ಕಪ್ಪೆ. ಮಿನೆಸೋಟದ ಕಾಡುಗಳಲ್ಲಿ ವುಡ್ ಫ್ರಾಗ್ ಅಂತ ಒಂದು ಕಪ್ಪೆ ಇದೆ. ಚಳಿಗಾಲದಲ್ಲಿ ಎಲೆಗಳ ಕೆಳಗೆ ಅದು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ದೇಹದ ನೀರಿನ ಸುಮಾರು ಮೂರನೇ ಎರಡು ಭಾಗ ಮಂಜುಗಡ್ಡೆ. ಹೃದಯ ನಿಂತಿರುತ್ತದೆ. ವಸಂತದಲ್ಲಿ ಕರಗಿ, ಎದ್ದು ಹೊರಟುಬಿಡುತ್ತದೆ! ಗುಟ್ಟು ಇಷ್ಟೇ: ಮಂಜುಗಡ್ಡೆ ಬೆಳೆಯುವುದು ಜೀವಕೋಶದ ಒಳಗಲ್ಲ, ಹೊರಗಿನ ಖಾಲಿ ಜಾಗಗಳಲ್ಲಿ, ಚರ್ಮದ ಕೆಳಗೆ, ಹೊಟ್ಟೆಯ ಪೊಳ್ಳಿನಲ್ಲಿ. ಹೊರಗಿನ ಗಡ್ಡೆ ಕೋಶದೊಳಗಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕೋಶದಲ್ಲಿ ಉಳಿದ ನೀರನ್ನು ಗ್ಲೂಕೋಸ್ ಕಾಯುತ್ತದೆ. ಗಾಳಿಗುಳ್ಳೆಯ ಕಾಂಕ್ರೀಟಿನಲ್ಲೂ ಗಡ್ಡೆ ಗುಳ್ಳೆಯೊಳಗೆ ಬೆಳೆದು ಸುತ್ತಲಿನ ರಂಧ್ರದ ನೀರನ್ನು ಎಳೆದುಕೊಳ್ಳುತ್ತದೆ. ಈ ಹೋಲಿಕೆ ನನ್ನ ಕಲ್ಪನೆ ಮಾತ್ರ ಅಲ್ಲ. ಚಳಿಗೆ ಹೊಂದಿಕೊಂಡ ಜೀವಿಗಳ ಹಿಮನಿರೋಧಕ ಪ್ರೋಟೀನುಗಳ ಗುಣವನ್ನು ಅನುಕರಿಸುವ ಪಾಲಿಮರನ್ನು ಕಾಂಕ್ರೀಟಿಗೆ ಬೆರೆಸುವ ಪ್ರಯೋಗವನ್ನು ಕೊಲರಾಡೊ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದೆ.

ಸರಿ, ನಮ್ಮ ಹೊಸ ಮೆಟ್ಟಿಲಿಗೆ ಗಾಳಿ ಹಾಕಿರಲಿಲ್ಲವಾ? ಹಾಕಿದ್ದರು. ಲಾರಿಯ ಚೀಟಿಯಲ್ಲಿ 6% ಅಂತಲೇ ಇತ್ತು. ತಪ್ಪಾಗಿದ್ದು ಕಾಲದಲ್ಲಿ. ಸಿಮೆಂಟು ಗಟ್ಟಿಯಾಗುವುದು ಒಂದು ರಾಸಾಯನಿಕ ಕ್ರಿಯೆ, ಚಳಿಯಲ್ಲಿ ಅದು ತೆವಳುತ್ತದೆ. ಹೊಸ ಕಾಂಕ್ರೀಟ್ ಸುಮಾರು 500 ಪಿಎಸ್‌ಐ ಬಲ ಪಡೆಯುವ ತನಕ ಒಂದು ಸಲವೂ ಹೆಪ್ಪಾಗಬಾರದು. ಉಪ್ಪು, ನೀರು, ಹೆಪ್ಪು ಮೂರನ್ನೂ ಪದೇ ಪದೇ ತಡೆಯಬೇಕಾದರೆ 4,000ದಿಂದ 4,500 ಪಿಎಸ್‌ಐ ಬೇಕು, ಜೊತೆಗೆ ಒಳಗಿನ ಹೆಚ್ಚುವರಿ ನೀರು ಆರಲು ಕೆಲವು ವಾರ ಬೇಕು. ನಾವು ಅಕ್ಟೋಬರ್ ಕೊನೆಯಲ್ಲಿ ಹಾಕಿಸಿ, ಒದ್ದೆ ಮೈಯಲ್ಲೇ ಅದನ್ನು ಚಳಿಗೆ ತಳ್ಳಿ, ಮೇಲೆ ಉಪ್ಪು ಸುರಿದೆವು. ಅಪ್ಪ ಹೇಳಿದ ಕ್ಯೂರಿಂಗ್ ಅಂದರೆ ನೀರುಣಿಸುವುದು. ನಮ್ಮೂರಿನ ಬಿಸಿಲಿಗೆ ಅದು ಸರಿ. ಇಲ್ಲಿ ಶರತ್ಕಾಲದಲ್ಲಿ ಕ್ಯೂರಿಂಗ್ ಅಂದರೆ ಮುಖ್ಯವಾಗಿ ಕಂಬಳಿ ಹೊದಿಸಿ ಬೆಚ್ಚಗಿಡುವುದು. ಬಾಣಂತಿಗೆ ಮಾಡಿದ ಹಾಗೆ!

ಇನ್ನು ಹಳೆ ಮೆಟ್ಟಿಲು ವಾಲಿದ್ದು ಯಾಕೆ? ಅದು ಕಾಂಕ್ರೀಟಿನ ತಪ್ಪಲ್ಲ, ಕೆಳಗಿನ ಮಣ್ಣಿನದ್ದು. ಮಣ್ಣು ಹೆಪ್ಪಾದಾಗ ನೆಲ ಮೇಲೇಳುತ್ತದೆ. ಅದಕ್ಕೂ ನೀರಿನ 9% ಹಿಗ್ಗೇ ಕಾರಣ ಅಂತ ಬಹಳ ಕಾಲ ನಂಬಿದ್ದರು. ಭೂವಿಜ್ಞಾನಿ ಸ್ಟೀಫನ್ ಟೇಬರ್ ಒಂದು ಚಂದದ ಪ್ರಯೋಗ ಮಾಡಿ ಇದನ್ನು 1930ರಲ್ಲಿ ತಳ್ಳಿಹಾಕಿದರು. ಹೆಪ್ಪಾದಾಗ ಹಿಗ್ಗದೆ ಕುಗ್ಗುವ ಬೆಂಜೀನನ್ನು ನೀರಿನ ಬದಲು ಮಣ್ಣಿಗೆ ತುಂಬಿಸಿದರು. ಮಣ್ಣು ಆಗಲೂ ಮೇಲೆದ್ದಿತು! ನಿಜವಾದ ಕಾರಣ, ನಯವಾದ ಮಣ್ಣು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಕೆಳಗಿನಿಂದ ದ್ರವವನ್ನು ಎಳೆದು, ಹೆಪ್ಪಿನ ಪದರಗಳನ್ನು ದಪ್ಪ ಮಾಡುತ್ತಾ ಹೋಗುವುದು. ಅದಕ್ಕೇ ಮಿನಿಯಾಪೊಲಿಸ್‌ನಲ್ಲಿ ಅಡಿಪಾಯ 42 ಇಂಚು, ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು ಆಳಕ್ಕೆ ಇಳಿಯಬೇಕೆಂಬ ನಿಯಮ. ಮನೆಯ ಅಡಿಪಾಯ ಆಳಕ್ಕಿದ್ದು ಮೆಟ್ಟಿಲು ಮಾತ್ರ ಮೇಲುಮೇಲಕ್ಕೆ ಕೂತಿದ್ದರೆ, ಮೆಟ್ಟಿಲು ವರ್ಷ ವರ್ಷ ಎದ್ದು ಕೂತು ಕೊನೆಗೆ ವಾಲುತ್ತದೆ. ಮನೆಯ ಕಡೆಗೆ ವಾಲಿದರೆ ಮಳೆನೀರೆಲ್ಲ ಬೇಸ್‌ಮೆಂಟಿಗೆ.

ನೀವು ಚಳಿನಾಡಿನಲ್ಲಿ ಹಳೆ ಮನೆ ಕೊಂಡಿದ್ದರೆ ಮಾಡಬೇಕಾದ್ದು ಕೆಲವೇ ಕೆಲವು. ಕಾಂಕ್ರೀಟ್ ಮುಟ್ಟುವ ಮೊದಲು ನೀರಿನ ದಾರಿ ನೋಡಿ. ಸೂರಿನ ಪೈಪಿನ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದ್ದರೆ ಪೈಪನ್ನು ದೂರಕ್ಕೆ ಚಾಚಿ. ಮಣ್ಣು ಗೋಡೆಯಿಂದ ಆಚೆಗೆ, ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರಾಗಿರಲಿ. ಅರ್ಧ ತೊಂದರೆ ಇಷ್ಟರಲ್ಲೇ ಮುಗಿಯುತ್ತದೆ. ಉದುರುತ್ತಿರುವ ಮೆಟ್ಟಿಲ ಮೇಲೆ ತೆಳ್ಳಗೆ ಸಿಮೆಂಟು ಸವರಿಸಬೇಡಿ. ಕೆಳಗಿನ ಪದರ ಸಡಿಲವಿದ್ದರೆ ಒಂದೆರಡು ಚಳಿಗಾಲದಲ್ಲಿ ಅದೂ ಎದ್ದು ಬರುತ್ತದೆ. ಕಲ್ಲಿನ ಅಥವಾ ಮೆತ್ತನೆ ಇಟ್ಟಿಗೆಯ ಹಳೆ ಅಡಿಪಾಯವಾಗಿದ್ದರೆ ಸಂದುಗಳಲ್ಲಿ ಸುಣ್ಣದ ಗಾರೆ ಇರಬಹುದು. ಅಲ್ಲಿಗೆ ಗಟ್ಟಿ ಸಿಮೆಂಟು ತುಂಬಿದರೆ ತೇವ ಹೊರಬರುವ ದಾರಿ ಮುಚ್ಚಿ, ಇಟ್ಟಿಗೆಯ ಮುಖವೇ ಉದುರುತ್ತದೆ. ನಮ್ಮೂರಿನ ಹಳೆ ಗಾರೆ ಗೋಡೆಗೆ ಸಿಮೆಂಟು ಮೆತ್ತಿಸಿ ಕೈಸುಟ್ಟುಕೊಂಡವರಿಗೆ ಇದು ಗೊತ್ತು.

ಹೊಸದಾಗಿ ಹಾಕಿಸುವುದೇ ಆದರೆ ಕೇಳಬೇಕಾದ ಪ್ರಶ್ನೆಗಳು ಐದು. ಗಾಳಿ ಎಷ್ಟು? ಬಲ ಎಷ್ಟು? ನೀರಿನ ತೂಕ ಸಿಮೆಂಟಿನ ತೂಕದ 0.45ರ ಒಳಗಿದೆಯಾ? ಬುಡ ಎಷ್ಟು ಆಳ? ಹಾಕಿದ ಮೇಲೆ ಏನು ಹೊದಿಸುತ್ತೀರಿ? ಕೆಲಸದ ನಡುವೆ "ಸ್ವಲ್ಪ ನೀರು ಸೇರಿಸೋಣ, ಹರಡಲು ಸುಲಭ" ಅಂದರೆ ಬೇಡ ಅನ್ನಿ. ಕನ್ನಡಿಯ ಹಾಗೆ ನಯ ಮಾಡಿಸಬೇಡಿ, ಪೊರಕೆಯ ಗೆರೆ ಇರಲಿ. ಕಾಲೂ ಜಾರುವುದಿಲ್ಲ, ತೀಡಿ ತೀಡಿ ಮೇಲ್ಪದರದ ಗಾಳಿಯನ್ನು ಓಡಿಸಿದಂತೆಯೂ ಆಗುವುದಿಲ್ಲ. ಕೆಲಸ ಮೇ, ಜೂನ್‌ನಲ್ಲಿ ಆದರೆ ಅರ್ಧ ಗೆದ್ದಂತೆ.

ಮೊದಲ ಚಳಿಗಾಲ ಉಪ್ಪು ಬೇಡವೇ ಬೇಡ, ಮರಳು ಸಾಕು. ಆಮೇಲೂ ಬೇಗ ಸ್ನೋ ಎತ್ತಿ, ಉಪ್ಪು ಚಿಟಿಕೆಯಲ್ಲಿರಲಿ. ಅಮೋನಿಯಂ ಸಲ್ಫೇಟ್ ಅಥವಾ ನೈಟ್ರೇಟ್ ಇರುವ ಪೊಟ್ಟಣ ಮುಟ್ಟಬೇಡಿ, ಅವು ಕಾಂಕ್ರೀಟನ್ನು ನೇರವಾಗಿ ತಿನ್ನುತ್ತವೆ. ಜೀವವಿಜ್ಞಾನಿಯಾಗಿ ಇನ್ನೊಂದು ಮಾತು: ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನು ಜಲಚರಗಳಿಗೆ ಕೆಡಿಸುತ್ತದೆ ಅಂತ ಮಿನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ಕ್ಲೋರೈಡ್ ಒಮ್ಮೆ ಕೆರೆ ಸೇರಿದರೆ ಅದನ್ನು ತೆಗೆಯುವ ಸುಲಭದ ದಾರಿ ಇಲ್ಲ. ನಮ್ಮ ಮೆಟ್ಟಿಲಿನ ಉಪ್ಪು ಕೊನೆಗೆ ಹೋಗುವುದು ಆ ಕಪ್ಪೆಯ ನೀರಿಗೇ.

ನಾವು ಮೆಟ್ಟಿಲನ್ನು ಮುಂದಿನ ಜೂನ್‌ನಲ್ಲಿ ಮತ್ತೆ ಹಾಕಿಸಿದೆವು. ಪಕ್ಕದಲ್ಲಿ ಒಂದು ಹಿಡಿಗಂಬಿ, ಬಾಗಿಲ ಬಳಿ ಒಂದು ಬಕೆಟ್ ಮರಳು. ಅಮ್ಮನ ಕೈ ಕೂಡಿಕೊಂಡಿದೆ, ಆದರೆ ಚಪಾತಿ ಲಟ್ಟಿಸುವಾಗ ಈಗಲೂ ನೋಯುತ್ತದಂತೆ. ಮೊದಲ ಸ್ನೋ ಬಿದ್ದ ದಿನ ವಿಡಿಯೋ ಕಾಲ್‌ನಲ್ಲಿ ಮೆಟ್ಟಿಲು ತೋರಿಸಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಉಪ್ಪು ಹಾಕಿಲ್ಲ ತಾನೆ?"

ನಿಮ್ಮ ಮನೆಯ ಮೆಟ್ಟಿಲು, ಡ್ರೈವ್‌ವೇ ಏನಾಗಿದೆ ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ನಡೆಯಿರಿ. ನಮಸ್ಕಾರ.