ಹಬ್ಬರ್ಡ್ ಬ್ರೂಕ್ ಕಣಿವೆಯ ಮಳೆ ಲೆಕ್ಕ

ಅಮೆರಿಕದ ಈಶಾನ್ಯ ಭಾಗದಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ಸ್ ಬೆಟ್ಟಸಾಲಿನ ನಡುವೆ ಹಬ್ಬರ್ಡ್ ಬ್ರೂಕ್ ಎಂಬ ಹೊಳೆ ಹರಿಯುತ್ತದೆ. 1955ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಈ ಹೊಳೆಯ ಕಣಿವೆಯನ್ನು ಪ್ರಯೋಗಗಳಿಗೆಂದು ಮೀಸಲಿಟ್ಟಿತು. ಇಲಾಖೆಗೆ ಬೇಕಾಗಿದ್ದದ್ದು ನೀರಿನ ಅಳತೆ. ಕಾಡು ನಿಂತಿದ್ದರೆ ಹೊಳೆಗೆ ಎಷ್ಟು ನೀರು ಬರುತ್ತದೆ, ಕಡಿದರೆ ಎಷ್ಟು? ಇದನ್ನು ತಿಳಿಯಲು ಕಣಿವೆಯ ಇಳಿಜಾರುಗಳಿಂದ ಇಳಿದುಬರುವ ಸಣ್ಣ ಸಣ್ಣ ಹಳ್ಳಗಳಿಗೆ ಅಡ್ಡಲಾಗಿ ಕಾಂಕ್ರೀಟಿನ ಒಡ್ಡು ಕಟ್ಟಿ, ಅದರ ನೆತ್ತಿಯಲ್ಲಿ ವಿ ಆಕಾರದ ಕಂಡಿ ಬಿಟ್ಟರು. ಕಂಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡಿದರೆ ಹಳ್ಳದಲ್ಲಿ ಎಷ್ಟು ನೀರು ಹೋಗುತ್ತಿದೆ ಎಂಬುದು ತಿಳಿಯುತ್ತದೆ.

ಜಾಗವೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ತೆಳುವಾದ ಮಣ್ಣಿನ ಕೆಳಗೆ ನೀರು ಇಂಗದ ಗಟ್ಟಿ ಬಂಡೆ. ಬಿದ್ದ ಮಳೆಯಲ್ಲಿ ಗಿಡಮರಗಳು ಹೀರಿ ಆವಿಯಾಗಿಸಿದ್ದು ಹೋಗಿ ಮಿಕ್ಕಿದ್ದೆಲ್ಲ ಆ ಕಂಡಿಯ ಮೂಲಕವೇ ಹಾದುಹೋಗಬೇಕು. ಇಂಥ ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ. ನಮ್ಮ ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಸೇರಿ ಇದೇ ಬಗೆಯ ಸಣ್ಣ ಜಲಾನಯನವೊಂದನ್ನು ಅಳೆಯುತ್ತ ಬಂದಿದ್ದಾರೆ. ಅಲ್ಲಿ ಅಂತರ್ಜಲ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿದೆ. ಹಳ್ಳ ಮಳೆ ಬಂದಾಗ ಹರಿದು ಮತ್ತೆ ಒಣಗುತ್ತದೆ. ಹಳ್ಳದಲ್ಲಿ ಕಾಣುವ ನೀರನ್ನಷ್ಟೇ ಅಳೆದರೆ ಅಲ್ಲಿನ ಕತೆಯ ದೊಡ್ಡ ಪಾಲು ತಪ್ಪಿಹೋಗುತ್ತದೆ.

ಹಬ್ಬರ್ಡ್ ಬ್ರೂಕಿಗೆ ಹತ್ತಿರದ ಡಾರ್ಟ್‌ಮತ್ ಕಾಲೇಜಿನಲ್ಲಿ ಹರ್ಬರ್ಟ್ ಬೋರ್ಮನ್ ಎಂಬ ಸಸ್ಯ ಪರಿಸರ ವಿಜ್ಞಾನಿ ಇದ್ದರು. ಈ ಒಡ್ಡುಗಳನ್ನು ನೋಡಿ ಅವರಿಗೆ ಬೇರೊಂದು ಯೋಚನೆ ಹೊಳೆಯಿತು. ನೀರಿನ ಪ್ರಮಾಣ ಹೇಗೂ ತಿಳಿದಿದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಪೊಟ್ಯಾಸಿಯಂ, ನೈಟ್ರೇಟ್ ಎಷ್ಟೆಂದು ಪರೀಕ್ಷಿಸಿ ಗುಣಿಸಿದರೆ ಒಂದಿಡೀ ಕಾಡು ವರ್ಷಕ್ಕೆ ಎಷ್ಟು ಪೋಷಕಾಂಶ ಕಳೆದುಕೊಳ್ಳುತ್ತದೆ ಎಂದು ಕಿಲೋ ಲೆಕ್ಕದಲ್ಲಿ ಹೇಳಬಹುದು. 1960ರಲ್ಲಿ ಅವರು ಅರಣ್ಯ ಇಲಾಖೆಯ ರಾಬರ್ಟ್ ಪಿಯರ್ಸ್ ಅವರಿಗೆ ಹೀಗೆಂದು ಪತ್ರ ಬರೆದರು. ಪಿಯರ್ಸ್ ಒಪ್ಪಿದರು. ಕೆರೆಗಳ ರಸಾಯನ ಬಲ್ಲ ಯುವಕ ಜೀನ್ ಲೈಕನ್ಸ್, ಭೂವಿಜ್ಞಾನಿ ನೋಯ್ ಜಾನ್ಸನ್ ಜೊತೆಗೂಡಿದರು. 1963ರಲ್ಲಿ ಕೆಲಸ ಶುರುವಾಯಿತು.

ಕಣಿವೆಗೂ ಒಂದು ಜಮಾ-ಖರ್ಚಿನ ಪುಸ್ತಕ ಇಡಬೇಕು ಎಂಬುದು ಅವರ ಉದ್ದೇಶ. ಹಳ್ಳದಲ್ಲಿ ಕೊಚ್ಚಿಹೋಗುವುದು ಖರ್ಚು. ಜಮೆ ಎಲ್ಲಿಂದ? ಮಳೆಯಿಂದ, ಮತ್ತು ಬಂಡೆ ಸವೆದು ಬರುವ ಖನಿಜದಿಂದ. ಎರಡನೆಯದನ್ನು ನೇರವಾಗಿ ಅಳೆಯುವ ದಾರಿ ಇರಲಿಲ್ಲ. ಖರ್ಚಿನಿಂದ ಮಳೆ ತಂದದ್ದನ್ನು ಕಳೆದು, ಕಾಡು ತನ್ನೊಳಗೆ ಕೂಡಿಟ್ಟದ್ದನ್ನು ಸೇರಿಸಿದರೆ ಬಂಡೆಯ ಪಾಲು ಸಿಗುತ್ತದೆ. ಹಾಗಾಗಿ ಮಳೆಯನ್ನೂ ಹಿಡಿದು ಪರೀಕ್ಷಿಸಬೇಕಾಯಿತು. ಮಳೆಯೇ ಅವರ ಸಂಶೋಧನೆಯ ವಸ್ತುವಾಗಿರಲಿಲ್ಲ, ಕಳೆಯುವ ಲೆಕ್ಕದಲ್ಲಿ ಬೇಕಾದ ಒಂದು ಸಂಖ್ಯೆ ಅಷ್ಟೇ ಎಂಬುದನ್ನು ನೆನಪಿಡಬೇಕು.

1963ರ ಬೇಸಿಗೆಯಲ್ಲಿ ಹಿಡಿದ ಮೊದಲ ಮಳೆನೀರಿನ ಪಿಎಚ್ 3.7 ಇತ್ತು.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆನೀರೂ ತುಸು ಆಮ್ಲೀಯವೇ. ಅದರ ಪಿಎಚ್ ಸುಮಾರು 5.6. ಪಿಎಚ್ ಮಾಪನದಲ್ಲಿ ಒಂದು ಅಂಕೆ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಅಂದರೆ ಕಣಿವೆಯ ಮೇಲೆ ಬಿದ್ದದ್ದು ನಿರೀಕ್ಷೆಗಿಂತ ನೂರು ಪಟ್ಟಿನ ಹತ್ತಿರ ಹುಳಿಯಾದ ಮಳೆ. ಸುತ್ತಮುತ್ತ ಕಾರ್ಖಾನೆ ಇಲ್ಲ, ದೊಡ್ಡ ಊರಿಲ್ಲ. ಬರೀ ಬೀಚ್, ಮೇಪಲ್, ಬರ್ಚ್, ಸ್ಪ್ರೂಸ್ ಮರಗಳ ಕಾಡು. ಒಂದು ಮಳೆಯಲ್ಲಿ ಏನೋ ಎಡವಟ್ಟಾಗಿರಬಹುದು ಎಂದುಕೊಳ್ಳಬಹುದಿತ್ತು. ಆದರೆ ಅವರು ವಾರ ತಪ್ಪದೆ ಮಾದರಿ ತೆಗೆಯುತ್ತಿದ್ದರು. ವಾರ ವಾರವೂ ಮಳೆ ಹುಳಿಯಾಗಿಯೇ ಬಂತು, ಹಿಮವೂ ಹಾಗೆಯೇ.

ಈ ಆಮ್ಲ ಎಲ್ಲಿಯದು ಎಂಬ ಪ್ರಶ್ನೆಗೆ ಕಣಿವೆಯೊಳಗೆ ಉತ್ತರವಿರಲಿಲ್ಲ. 1969ರಲ್ಲಿ ಲೈಕನ್ಸ್ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಮಳೆಯನ್ನು ಹಿಡಿದು ನೋಡಿದರೆ ಅದೂ ಹುಳಿ. ಒಂದು ಕಣಿವೆಯ ವಿಚಿತ್ರ ಎಂದುಕೊಂಡಿದ್ದದ್ದು ಇಡೀ ಪ್ರದೇಶದ ವಿಷಯವಾಯಿತು. ಅದೇ ವರ್ಷ ಅವರು ಸ್ವೀಡನ್ನಿಗೆ ಹೋದಾಗ ಸ್ವಾಂಟೆ ಓಡೇನ್ ಎಂಬ ಮಣ್ಣು ವಿಜ್ಞಾನಿಯನ್ನು ಕಂಡರು. ಬೇರೆ ದೇಶಗಳ ಹೊಗೆ ಗಾಳಿಯಲ್ಲಿ ಬಂದು ಸ್ಕ್ಯಾಂಡಿನೇವಿಯಾದ ಮಳೆಯನ್ನೂ ಕೆರೆಗಳನ್ನೂ ಆಮ್ಲೀಯಗೊಳಿಸುತ್ತಿದೆ ಎಂದು ಓಡೇನ್ ಆಗಲೇ ಹೇಳಿದ್ದರು. ಹಬ್ಬರ್ಡ್ ಬ್ರೂಕಿನ ಅಂಕಿಗಳಿಗೆ ಅರ್ಥ ಸಿಕ್ಕಿತು. ಕಲ್ಲಿದ್ದಲು ಸುಟ್ಟಾಗ ಹೊರಬರುವ ಸಲ್ಫರ್ ಡೈಆಕ್ಸೈಡ್, ಗಾಳಿಯಲ್ಲಿ ದಿನಗಟ್ಟಲೆ ತೇಲುತ್ತ ಸಲ್ಫ್ಯೂರಿಕ್ ಆಮ್ಲವಾಗಿ, ನೂರಾರು ಕಿಲೋಮೀಟರ್ ಆಚೆ ಮಳೆಯೊಂದಿಗೆ ಇಳಿಯುತ್ತಿತ್ತು. ನೈಟ್ರೋಜನ್ ಆಕ್ಸೈಡುಗಳು ನೈಟ್ರಿಕ್ ಆಮ್ಲವಾಗಿ ಅದಕ್ಕೆ ಕೂಡುತ್ತಿದ್ದವು. 1972ರಲ್ಲಿ ಲೈಕನ್ಸ್, ಬೋರ್ಮನ್, ಜಾನ್ಸನ್ ಉತ್ತರ ಅಮೆರಿಕದ ಆಮ್ಲ ಮಳೆಯ ಬಗ್ಗೆ ಬರೆದರು. 1974ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೇಖನ ಸುದ್ದಿಯಾಯಿತು. ಊರಿನ ಹೊಗೆ ಕಡಿಮೆ ಮಾಡಲೆಂದು ಎತ್ತರಿಸಿದ ಚಿಮಣಿಗಳು ಅದೇ ಅನಿಲವನ್ನು ದೂರದವರ ತಲೆಯ ಮೇಲೆ ಸುರಿಯುತ್ತಿವೆ ಎಂದು ಅದರಲ್ಲಿ ಹೇಳಲಾಗಿತ್ತು.

ಮೊದಲ ಮಾದರಿಗೂ ಈ ಲೇಖನಕ್ಕೂ ನಡುವೆ ಹನ್ನೊಂದು ವರ್ಷ. ಇದನ್ನು ನಿಧಾನ ಎನ್ನಲು ನನಗೆ ಮನಸ್ಸಿಲ್ಲ. ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಮೂರ್ನಾಲ್ಕು ವರ್ಷದ ಅಂಕಿಗಳನ್ನು ಹಿಡಿದುಕೊಂಡರೆ ಆಮ್ಲತೆ ಏರುತ್ತಿದೆ ಎಂದೂ ವಾದಿಸಬಹುದು, ಇಳಿಯುತ್ತಿದೆ ಎಂದೂ ವಾದಿಸಬಹುದು. ಮಳೆಯ ಆಮ್ಲತೆ ನಿಜವಾಗಿ ಯಾವ ಕಡೆ ಸಾಗುತ್ತಿದೆ ಎಂದು ಸಂಖ್ಯಾಶಾಸ್ತ್ರ ಒಪ್ಪುವಂತೆ ಹೇಳಲು ಹಬ್ಬರ್ಡ್ ಬ್ರೂಕಿನಲ್ಲಿ ಸುಮಾರು 18 ವರ್ಷಗಳ ಅಳತೆ ಬೇಕಾಯಿತು. ಮೂರು ವರ್ಷಕ್ಕೆ ಅನುದಾನ ಕೊಟ್ಟು ಫಲಿತಾಂಶ ಕೇಳುವ ಪದ್ಧತಿಯಲ್ಲಿ ಇಂಥ ಕೆಲಸ ಬದುಕಿ ಉಳಿಯುವುದು ಎಷ್ಟು ಕಷ್ಟ ಎಂದು ಸಂಶೋಧನೆ ಮಾಡಿದವರಿಗೆಲ್ಲ ಗೊತ್ತು.

ಈ ನಡುವೆ ಅದೇ ಕಣಿವೆಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1965ರ ಕೊನೆಗೆ 15.6 ಹೆಕ್ಟೇರಿನ ಎರಡನೇ ಜಲಾನಯನದ ಮರಗಳನ್ನೆಲ್ಲ ಕಡಿದು, ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸದೆ ಬಿದ್ದಲ್ಲೇ ಬಿಟ್ಟರು. ಮತ್ತೆ ಚಿಗುರದಂತೆ ಮೂರು ಬೇಸಿಗೆ ಕಳೆನಾಶಕ ಸಿಂಪಡಿಸಿದರು. ಕೇಳಲು ಕ್ರೂರವೆನಿಸುತ್ತದೆ, ಆದರೆ ಪಕ್ಕದಲ್ಲೇ ಮುಟ್ಟದೆ ಬಿಟ್ಟ ಜಲಾನಯನದೊಂದಿಗೆ ಹೋಲಿಸಲು ಅದು ಬೇಕಿತ್ತು. ಮೊದಲ ವರ್ಷದಲ್ಲಿ ಹಳ್ಳದ ನೀರು ಶೇ. 39ರಷ್ಟು ಹೆಚ್ಚಿತು, ಇದು ಅರಣ್ಯ ಇಲಾಖೆ ಊಹಿಸಬಹುದಾಗಿದ್ದ ಸಂಗತಿ. ಯಾರೂ ಎಣಿಸದೆ ಇದ್ದದ್ದು ನೀರಿನ ಗುಣದಲ್ಲಿ ಆದ ಬದಲಾವಣೆ. ನೈಟ್ರೇಟ್ ಮೊದಲ ವರ್ಷ 41 ಪಟ್ಟು, ಎರಡನೇ ವರ್ಷ 56 ಪಟ್ಟು ಏರಿ, ಕುಡಿಯುವ ನೀರಿಗೆ ನಿಗದಿಯಾದ ಮಿತಿಯನ್ನೂ ದಾಟಿತು. ಮರಗಳ ಬೇರು ಹೀರಿಕೊಳ್ಳುತ್ತಿದ್ದ ಸಾರಜನಕವನ್ನು ಹೀರಲು ಈಗ ಯಾರೂ ಇರಲಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡಿದವು; ಆ ಕ್ರಿಯೆಯಲ್ಲಿ ಹುಟ್ಟಿದ ಆಮ್ಲ ಮಣ್ಣಿನ ಕ್ಯಾಲ್ಸಿಯಮ್ಮನ್ನೂ ಪೊಟ್ಯಾಸಿಯಮ್ಮನ್ನೂ ಬಿಡಿಸಿ ಹಳ್ಳಕ್ಕೆ ತಳ್ಳಿತು. ಜಲಾನಯನದ ಮರಗಳಿಗೂ ಕೆಳಗಿನ ಊರಿನ ಕುಡಿಯುವ ನೀರಿಗೂ ಇರುವ ನಂಟನ್ನು ಇಷ್ಟು ಖಚಿತವಾಗಿ ತೋರಿಸಿದ ಬೇರೆ ಪ್ರಯೋಗ ನಾನರಿತಂತೆ ಕಡಿಮೆ.

ಆಮ್ಲ ಮಳೆಯೂ ಮಣ್ಣಿನಲ್ಲಿ ಮಾಡುತ್ತಿದ್ದದ್ದು ಇದೇ ಕೆಲಸ, ನಿಧಾನವಾಗಿ. ಕ್ಯಾಲ್ಸಿಯಂ ಕರಗಿ ಹೋಗುತ್ತದೆ. ಮಣ್ಣಿನಲ್ಲಿ ಬಂದಿಯಾಗಿದ್ದ ಅಲ್ಯೂಮಿನಿಯಂ ಬಿಡುಗಡೆಯಾಗಿ ಹೊಳೆ ಸೇರಿ ಮೀನುಗಳ ಕಿವಿರುಗಳಿಗೆ ವಿಷವಾಗುತ್ತದೆ. ಆದರೂ ಇದನ್ನು ತಡೆಯುವ ಕಾನೂನು ಬರುವುದು ಸುಲಭವಾಗಲಿಲ್ಲ. 1980ರ ದಶಕ ಪೂರ್ತಿ ಇನ್ನಷ್ಟು ಅಧ್ಯಯನ ಆಗಲಿ ಎಂಬ ಮಾತಿನಲ್ಲೇ ಕಳೆಯಿತು. ಕೊನೆಗೆ 1990ರ ನವೆಂಬರಿನಲ್ಲಿ ಶುದ್ಧ ವಾಯು ಕಾಯ್ದೆಯ ತಿದ್ದುಪಡಿಗೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಸಲ್ಫರ್ ಡೈಆಕ್ಸೈಡನ್ನು 1980ರ ಮಟ್ಟಕ್ಕಿಂತ ವರ್ಷಕ್ಕೆ 1 ಕೋಟಿ ಟನ್ ಇಳಿಸಬೇಕು ಎಂಬುದು ಗುರಿ. ಚಿಮಣಿಗಳ ಗಂಧಕ ಇಳಿದಂತೆ ಹಬ್ಬರ್ಡ್ ಬ್ರೂಕಿನ ಮಳೆಯಲ್ಲೂ ಸಲ್ಫೇಟ್ ಇಳಿಯಿತು.

ಮಳೆ ಸುಧಾರಿಸಿತು, ಕಾಡು ಸುಧಾರಿಸಲಿಲ್ಲ. ಲೈಕನ್ಸ್, ಚಾರ್ಲ್ಸ್ ಡ್ರಿಸ್ಕಾಲ್, ಡೊನಾಲ್ಡ್ ಬೂಸೊ 1996ರಲ್ಲಿ ಹಳೆಯ ಲೆಕ್ಕವನ್ನೆಲ್ಲ ಕೂಡಿಸಿ ನೋಡಿದರು. ದಶಕಗಳ ಆಮ್ಲ ಮಣ್ಣಿನ ಕ್ಯಾಲ್ಸಿಯಮ್ಮನ್ನು ದೊಡ್ಡ ಪ್ರಮಾಣದಲ್ಲಿ ತೊಳೆದುಹಾಕಿತ್ತು. 1987ರಿಂದೀಚೆಗೆ ಕಾಡಿನ ಒಟ್ಟು ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬಂಡೆ ವರ್ಷಕ್ಕೆ ಎಷ್ಟು ಖನಿಜ ಕೊಡುತ್ತದೆ ಎಂದು ಬೋರ್ಮನ್ ಮತ್ತು ಸಂಗಡಿಗರು ಮೊದಲು ಕೇಳಿದ್ದ ಪ್ರಶ್ನೆಗೆ ಈಗ ತುರ್ತು ಬಂದಿತ್ತು. ಕಳೆದದ್ದನ್ನು ತುಂಬಲು ಬಂಡೆಗೆ ಬೇಕಾಗುವ ಕಾಲ ಬಹಳ ದೀರ್ಘ.

ಹಾಗಾದರೆ ಕ್ಯಾಲ್ಸಿಯಂ ನಾವೇ ಹಾಕಿದರೆ? 1999ರ ಅಕ್ಟೋಬರಿನಲ್ಲಿ ಒಂದನೇ ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ವೊಲ್ಲಾಸ್ಟೊನೈಟ್ ಎಂಬ ಕ್ಯಾಲ್ಸಿಯಂ ಖನಿಜದ ಪುಡಿಯನ್ನು ಗುಳಿಗೆ ಮಾಡಿ ಚೆಲ್ಲಿದರು. ಕೆಂಪು ಸ್ಪ್ರೂಸಿನ ಎಲೆಗಳು ಚಳಿಗಾಲದ ಹೆಪ್ಪನ್ನು ತಡೆದುಕೊಂಡವು, ಸಕ್ಕರೆ ಮೇಪಲ್ ಚೇತರಿಸಿಕೊಂಡಿತು, ಕಾಡು ಮತ್ತೆ ಬೆಳೆಯತೊಡಗಿತು. ಆದರೆ ಸುಮಾರು ಹತ್ತು ವರ್ಷ ಕಳೆದ ಮೇಲೆ ಆ ಜಲಾನಯನದ ಹಳ್ಳದಲ್ಲಿ ನೈಟ್ರೇಟ್ ಏರಿತು. ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಾಡು ಈಗ ಮಳೆ ತಂದದ್ದಕ್ಕಿಂತ ಹೆಚ್ಚು ಸಾರಜನಕವನ್ನು ಹೊರಗೆ ಬಿಡುತ್ತಿದೆ ಎಂದು 2016ರಲ್ಲಿ ಎಮ್ಮಾ ರೋಸಿ ಮತ್ತು ಜೊತೆಗಾರರು ಪ್ರಕಟಿಸಿದರು. ಆಮ್ಲ ಇಳಿದ ಮೇಲೆ ಮಣ್ಣಿನಲ್ಲಿ ದಶಕಗಳಿಂದ ಕೂತಿದ್ದ ಸಾವಯವ ಅಂಶ ಕೊಳೆಯಲು ತೊಡಗಿರಬೇಕು ಎಂಬುದು ಒಂದು ವಿವರಣೆ. ಆಮ್ಲ ಮಳೆ ನಿಂತ ಬೇರೆ ಕಾಡುಗಳಲ್ಲೂ ಹೀಗಾಗುತ್ತದೆಯೇ, ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ವಾರದ ಮಾದರಿಗಳಲ್ಲೇ ನೋಡಬೇಕಾಗಿದೆ.