ಇಸಾಪ್ ನಂಬಿ ಕೆಲಸ ಬಿಡಬಹುದೇ?

ಪ್ರಶ್ನೆ: ನನಗೆ 38. ಬೆಂಗಳೂರಿನ ಸ್ಟಾರ್ಟಪ್ ಒಂದರಲ್ಲಿ ನನ್ನ ಇಸಾಪ್ (ಕಂಪನಿ ತನ್ನ ನೌಕರರಿಗೆ ಕೊಡುವ ಷೇರು ಕೊಳ್ಳುವ ಹಕ್ಕು) ಬೆಲೆ ಕಾಗದದ ಮೇಲೆ 4 ಕೋಟಿ. ನಿವೃತ್ತಿಗೆ ಸಾಕೇ?

ಉತ್ತರ: ಮಾರುವ ತನಕ ಅದು ದುಡ್ಡಲ್ಲ, ಕೂಸು ಹುಟ್ಟುವ ಮುಂಚಿನ ಕುಲಾವಿ. ಷೇರು ನಿಮ್ಮ ಕೈಸೇರಿದಾಗ, ಅಂದಿನ ಬೆಲೆಗೂ ನೀವು ಕೊಟ್ಟದ್ದಕ್ಕೂ ಇರುವ ಅಂತರವನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ (ಕೆಲವೇ ಅರ್ಹ ಸ್ಟಾರ್ಟಪ್‌ಗಳ ನೌಕರರಿಗೆ ಕಟ್ಟಲು ಕಾಲಾವಕಾಶವುಂಟು). ಮಾರಿದಾಗ ಲಾಭದ ಮೇಲೆ ಇನ್ನೊಮ್ಮೆ.

ತಿಂಗಳ ಖರ್ಚು 1 ಲಕ್ಷವೆನ್ನಿ. ಅಮೆರಿಕದ ವಿಲಿಯಂ ಬೆಂಗೆನ್ 1994ರಲ್ಲಿ ಮುಂದಿಟ್ಟ, ಮೊದಲ ವರ್ಷ ಉಳಿತಾಯದ ಶೇ. 4 ತೆಗೆಯುವ ಲೆಕ್ಕದಂತೆ ವರ್ಷದ ಖರ್ಚಿನ 25 ಪಟ್ಟು, ಅಂದರೆ 3 ಕೋಟಿ. ಆದರೆ ಅದು ಅಲ್ಲಿನ 30 ವರ್ಷದ ಲೆಕ್ಕ; ನಿಮಗೆ 50 ವರ್ಷ ಬೇಕಾದೀತು. ನನ್ನ ಕೇಳಿದರೆ 40 ಪಟ್ಟು: 4.8 ಕೋಟಿ, ತೆರಿಗೆ ಕಳೆದು, ಸ್ವಂತ ಮನೆ ಬಿಟ್ಟು. ಸದ್ಯಕ್ಕೆ ರಾಜೀನಾಮೆ ಪತ್ರ ಡ್ರಾಯರಿನಲ್ಲೇ ಇರಲಿ.