ತಣ್ಣಗಿದ್ದ ಜ್ವಾಲಾಮುಖಿ

ಕಳೆದ ಡಿಸೆಂಬರ್‌ನ ಒಂದು ಶನಿವಾರ ಬೆಂಗಳೂರಿನಿಂದ ಕೈಲಾಂಚದ ಅಕ್ಕನ ಮನೆಗೆ ಹೋಗಿದ್ದೆ. ಬ್ಯಾಗ್ ಕೆಳಗಿಡೋ ಮೊದಲೇ ಎಂಟನೇ ಕ್ಲಾಸಿನ ಸೊಸೆ ಎದುರಿಗೆ ನಿಂತಳು. "ಮಾವ, ಸೋಮವಾರ ಸೈನ್ಸ್ ಎಗ್ಸಿಬಿಷನ್ನು. ಜ್ವಾಲಾಮುಖಿ ಮಾಡ್ಬೇಕು. ನೀನು ಎಂಜಿನಿಯರ್ ಅಲ್ವಾ?"

ಇದೇನು ಮಹಾ, ಹತ್ತು ನಿಮಿಷದ ಕೆಲಸ ಅಂದ್ಕೊಂಡೆ. ಏಳನೇ ಕ್ಲಾಸಲ್ಲಿ ನಾನೂ ಇದೇ ಮಾಡೆಲ್ ಮಾಡಿ ಬಹುಮಾನ ತಗೊಂಡಿದ್ದೆ. ಬಾಟಲಿಯ ಸುತ್ತ ಕೆರೆ ಮಣ್ಣು ಮೆತ್ತಿ ಬೆಟ್ಟ ಮಾಡಿದೆವು. ಒಳಗೆ ಒಂದು ಟೀ ಚಮಚ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯೋ ಸೋಪು, ಚಿಟಿಕೆ ಕೆಂಪು ಬಣ್ಣ. ಮೇಲಿಂದ ವಿನೆಗರ್ ಸುರಿದಾಗ ಬುಸ್ ಅಂತ ಕೆಂಪು ನೊರೆ ಉಕ್ಕಿತು. ಅವಳು ಚಪ್ಪಾಳೆ ತಟ್ಟಿ, ನೊರೆಗೆ ಬೆರಳಿಟ್ಟು, ಮುಖ ಸಣ್ಣದು ಮಾಡಿಕೊಂಡಳು.

"ಮಾವ, ಇದು ತಣ್ಣಗೈತೆ. ಲಾವಾ ಬಿಸಿ ಇರ್ಬೇಕಲ್ವಾ?"

ನಾನು ಉತ್ತರ ಕೊಡಲಿಲ್ಲ. ಕೊಡೋಕೆ ಗೊತ್ತಿರಲಿಲ್ಲ. ಬಹುಮಾನ ತಗೊಂಡವನು ನಾನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ!

ಅಕ್ಕನ ಮನೇಲಿ ರೇಷ್ಮೆ ಸಾಕಣೆ ಇದೆ. ಹುಳದ ಮನೆಯ ಥರ್ಮಾಮೀಟರ್ ತಂದು ಮತ್ತೆ ಮಾಡಿದೆವು. 27 ಡಿಗ್ರಿ ಇದ್ದ ವಿನೆಗರ್ ನೊರೆ ಇಳಿಯೋ ಹೊತ್ತಿಗೆ 23ಕ್ಕೆ ಬಂದಿತ್ತು. ಆ ರಾತ್ರಿ ಕೂತು ನನ್ನ ಮರೆತ ಕೆಮಿಸ್ಟ್ರಿಯನ್ನ ಮತ್ತೆ ಓದಿದೆ.

ಅಡುಗೆ ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬೊನೇಟ್. ವಿನೆಗರ್‌ನಲ್ಲಿರೋದು ಅಸಿಟಿಕ್ ಆಮ್ಲ. ಎರಡೂ ಸೇರಿದಾಗ ಮೊದಲು ಕಾರ್ಬಾನಿಕ್ ಆಮ್ಲ ಆಗುತ್ತೆ. ಅದು ನಿಲ್ಲದೆ ಒಡೆದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಬಾಟಲಿಯಲ್ಲಿ ಉಳಿಯೋದು ಸೋಡಿಯಂ ಅಸಿಟೇಟ್ ಅನ್ನೋ ಲವಣದ ನೀರು. ಸೋಪು ಗುಳ್ಳೆಗಳನ್ನ ಹಿಡಿದಿಟ್ಟು ನೊರೆ ಮಾಡುತ್ತೆ, ಅಷ್ಟೇ. ಈ ಕ್ರಿಯೆ ನಡೆಯೋಕೆ ಸುತ್ತಲಿನ ಶಾಖವನ್ನೇ ಹೀರಿಕೊಳ್ಳುತ್ತೆ. ಅದಕ್ಕೇ ತಣ್ಣಗಾಗೋದು.

ಅಳತೆಗೂ ಲೆಕ್ಕ ಇದೆ. 84 ಗ್ರಾಂ ಸೋಡಾಕ್ಕೆ 60 ಗ್ರಾಂ ಆಮ್ಲ ಬೇಕು. ಆಗ 44 ಗ್ರಾಂ ಅನಿಲ ಬರುತ್ತೆ. ಒಂದು ಟೀ ಚಮಚ ಅಂದ್ರೆ ಸುಮಾರು 5 ಗ್ರಾಂ ಸೋಡಾ. ಅದಕ್ಕೆ ಶೇ. 4ರ ವಿನೆಗರ್ ಸುಮಾರು 90 ಮಿ.ಲೀ. ಸಾಕು, ಒಂದೂವರೆ ಲೀಟರ್‌ನಷ್ಟು ಅನಿಲ ಬರುತ್ತೆ. ಸೋಡಾ ಜಾಸ್ತಿ ಸುರಿದರೆ ಅದು ತಳದಲ್ಲೇ ಉಳಿಯುತ್ತೆ, ಉಕ್ಕೋದು ಜಾಸ್ತಿ ಆಗಲ್ಲ. ವಿನೆಗರ್ ಸಿಗದಿದ್ರೆ ಎರಡು ಒಳ್ಳೆ ರಸದ ನಿಂಬೆಹಣ್ಣು ಹಿಂಡಿ ನೋಡಿ, ಸಿಟ್ರಿಕ್ ಆಮ್ಲವೂ ಇದೇ ಕೆಲಸ ಮಾಡುತ್ತೆ. ಒಂದು ಎಚ್ಚರ: ಬಾಟಲಿಯ ಬಾಯಿ ಮುಚ್ಚಬೇಡಿ, ಒತ್ತಡಕ್ಕೆ ಸಿಡಿಯುತ್ತೆ. ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್‌ಗೆ ಬೆಂಕಿ ಹಚ್ಚಿ ಕಿಡಿ ಹಾರಿಸೋ ಜ್ವಾಲಾಮುಖಿಯಂತೂ ಮಕ್ಕಳಿಗೆ ಬೇಡವೇ ಬೇಡ. ಅದರ ಕ್ರೋಮಿಯಂ ಕ್ಯಾನ್ಸರ್ ತರೋ ವಿಷ.

ಹಾಗಾದ್ರೆ ನಮ್ಮ ಮಾಡೆಲ್ ಪೂರ್ತಿ ಸುಳ್ಳಾ? ಅಲ್ಲ. ನಿಜವಾದ ಜ್ವಾಲಾಮುಖಿಯಲ್ಲಿ ಸೋಡಾ, ಆಮ್ಲ ಯಾವುದೂ ಇಲ್ಲ. ಅಲ್ಲಿರೋದು ಕರಗಿದ ಕಲ್ಲು, ಅದರೊಳಗೆ ಒತ್ತಡದಲ್ಲಿ ಸೇರಿಕೊಂಡಿರೋ ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್. ಶಿಲಾಪಾಕ ಮೇಲಕ್ಕೆ ಬಂದಂತೆ ಒತ್ತಡ ಇಳಿದು ಗುಳ್ಳೆ ಏಳುತ್ತೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಅನಿಲ ದ್ರವವನ್ನ ಮೇಲಕ್ಕೆ ತಳ್ಳುತ್ತೆ ಅನ್ನೋದು ಮಾತ್ರ ಎರಡರಲ್ಲೂ ಒಂದೇ. ನಮ್ಮ ದೇಶದಲ್ಲಿ ಇದನ್ನ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ನೋಡಬಹುದು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಉಕ್ಕಿತು.

"ನಮ್ ರಾಮದೇವರ ಬೆಟ್ಟನೂ ಜ್ವಾಲಾಮುಖಿನಾ?" ಅಂತ ಮಾರನೇ ದಿನ ಕೇಳಿದಳು. ಅಲ್ಲ ಕಣೆ ಅಂದೆ. ಸುಮಾರು 250 ಕೋಟಿ ವರ್ಷದ ಹಿಂದೆ ಇಲ್ಲೂ ಶಿಲಾಪಾಕ ಎದ್ದಿತ್ತು. ಆದರೆ ಹೊರಗೆ ಬರಲೇ ಇಲ್ಲ. ಭೂಮಿಯ ಆಳದಲ್ಲೇ ನಿಧಾನವಾಗಿ ಆರಿತು, ಅದಕ್ಕೇ ಕಲ್ಲಿನಲ್ಲಿ ದಪ್ಪ ದಪ್ಪ ಹರಳು. ಮೇಲಿನ ಪದರ ಸವೆದ ಮೇಲೆ ಬೆಟ್ಟವಾಗಿ ಕಂಡಿತು. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಅದರಿಂದಲೇ ಜಗತ್ತಿನ ಭೂವಿಜ್ಞಾನಿಗಳು ಈ ಕಲ್ಲನ್ನ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. 1975ರ 'ಶೋಲೆ' ಸಿನಿಮಾದ ಗಬ್ಬರ್ ಓಡಾಡಿದ್ದು ಇದೇ ಕಲ್ಲಿನ ಮೇಲೆ.

ಭಾನುವಾರ ಸಂಜೆ ಅವಳ ಜೊತೆಗಾರ್ತಿಯರು ಬಂದರು. ತಣ್ಣಗಿದೆ ಅಂತ ಚಾರ್ಟಲ್ಲಿ ಬರೆದ್ರೆ ಮಾರ್ಕ್ಸ್ ಹೋಗುತ್ತೆ, ಬರೀಬೇಡ ಅಂತ ಅವರ ವಾದ. ಸೊಸೆ ನನ್ನ ಮುಖ ನೋಡಿದಳು. ಅವಳ ವಯಸ್ಸಲ್ಲಿ ನಾನಾಗಿದ್ರೆ ಬರೀತಿರಲಿಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. "ನೀನು ಮುಟ್ಟಿ ನೋಡಿದ್ದೀಯ, ನೀನೇ ತೀರ್ಮಾನ ಮಾಡು" ಅಂದೆ. ಚಾರ್ಟಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: 'ನಮ್ಮ ಮಾಡೆಲ್ ಎಲ್ಲಿ ನಿಜ, ಎಲ್ಲಿ ಸುಳ್ಳು.'

ಸೋಮವಾರ ಸಂಜೆ ಫೋನ್ ಬಂತು. ಬಹುಮಾನ ಬಂದಿರಲಿಲ್ಲ. "ಆದ್ರೆ ಮಾವ, ಎಲ್ರೂ ಬೆರಳಿಟ್ಟು ನೋಡಿದ್ರು. ಟೀಚರೂ ನೋಡಿದ್ರು" ಅಂದಳು. ದನಿಯಲ್ಲಿ ಬೇಜಾರಿರಲಿಲ್ಲ.

ನನ್ನ ಹಳೇ ಬಹುಮಾನದ ಸರ್ಟಿಫಿಕೇಟ್ ಅಮ್ಮ ಇನ್ನೂ ಜೋಪಾನವಾಗಿ ಇಟ್ಟಿದ್ದಾಳೆ. ಈಗ ಅದನ್ನ ನೋಡಿದ್ರೆ ಸ್ವಲ್ಪ ನಾಚಿಕೆ ಆಗುತ್ತೆ. ನಿಮ್ಮ ಮನೆಯಲ್ಲೂ ಈ ವರ್ಷ ಜ್ವಾಲಾಮುಖಿ ಉಕ್ಕೋದಿದ್ರೆ, ಒಂದು ಥರ್ಮಾಮೀಟರ್ ಪಕ್ಕದಲ್ಲಿಡಿ. ಮಕ್ಕಳು ಏನಾದ್ರೂ ಕೇಳಿ ನಿಮಗೆ ಗೊತ್ತಿಲ್ಲದಿದ್ರೆ, ಗೊತ್ತಿಲ್ಲ ಅಂತಲೇ ಹೇಳಿ, ಜೊತೆಗೆ ಕೂತು ಹುಡುಕಿ.